ಅಂಗಾಲ ಹುಣ್ಣಿಗೆ ಕನ್ನಡಿ

ಗಂಗೊಳ್ಳಿಯ ಮೇರಿ ಕರ್ವಾಲೊಗೆ ಸಿಟ್ಟು ಬಂದರೆ ಎಲ್ಲರ ಹಾಗೆ ಮೂಗು ಕೆಂಪಾಗುವುದಿಲ್ಲ, ಚುರುಕಾಗುತ್ತದೆ. ಇಪ್ಪತ್ತೇಳು ವರ್ಷ ಕೊಚ್ಚಿಯಲ್ಲಿ ಮೀನು ಮೂಸಿ ಸಂಬಳ ತೆಗೆದುಕೊಂಡ ಮೂಗು ಅದು. ಮಂಜುಗಡ್ಡೆಯ ಪೆಟ್ಟಿಗೆ ತೆರೆಯುವ ಮೊದಲೇ ಒಳಗಿರುವುದು ನಿನ್ನೆಯದೋ ಮೊನ್ನೆಯದೋ ಎಂದು ಹೇಳಿಬಿಡುತ್ತದೆ. ಮೊನ್ನೆಯದಾದರೆ ಲಾರಿ ಬಂದ ದಾರಿಗೆ ಸುಂಕವಿಲ್ಲ. ಡ್ರೈವರ್ ಎಷ್ಟು 'ಚೇಚಿ, ಚೇಚಿ' ಎಂದು ಅಕ್ಕನನ್ನಾಗಿ ಮಾಡಿಕೊಂಡು ಗೋಗರೆದರೂ ಮೇರಿ ಗೇಟಿನಿಂದ ಒಳಗೆ ಬಿಡುವವಳಲ್ಲ.

ಆದರೆ ಕಳೆದ ವರ್ಷ ಕೊಳೆತದ್ದು ಮೀನಲ್ಲ, ಒಂದು ವಾಕ್ಯ. ಅದೂ ಅವಳೇ ಬರೆದ ವಾಕ್ಯ. ಅದರ ವಾಸನೆ ಅವಳ ಮೂಗಿಗೆ ಬಡಿಯುವಾಗ ಐದು ತಿಂಗಳು ಕಳೆದಿತ್ತು, ಒಬ್ಬ ಮನುಷ್ಯನ ಕಾಲಿನ ಕಿರುಬೆರಳೂ ಹೋಗಿತ್ತು.

ಮೇರಿಯ ಬಾಳಿನಲ್ಲಿ ಸ್ಕೇಲುಗಳದ್ದೇ ಕಾರುಬಾರು. ಕಾನ್ವೆಂಟಿನಲ್ಲಿ ಕನ್ನಡ ಕಲಿಸಿದ ಸಿಸ್ಟರ್ ಬೆನೆಡಿಕ್ಟಾ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಬಾರಿಸಿ ವ್ಯಾಕರಣ ಕಲಿಸಿದರು. ಆಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಮೀನಿನ ಮೈಮೇಲಿನ ಸ್ಕೇಲು, ಅಂದರೆ ಹುರುಪೆ. ಸಿಗದೇ ಹೋದದ್ದು ಒಂದೇ, ಸಂಬಳದ ಸ್ಕೇಲು. ಮೊದಲು ಸಿಗಡಿ ಸುಲಿಯುವ ಶೆಡ್ಡು, ಆಮೇಲೆ ಶೀತಲ ಗೋದಾಮು, ಕೊನೆಗೆ ಒಂಬತ್ತು ವರ್ಷದಿಂದ ಕೊಚ್ಚಿ ಪಕ್ಕದ ಏಲೂರಿನ ಈ ಕಾರ್ಖಾನೆ. ಗೊಬ್ಬರದ ವಾಸನೆಯೂ ರಾಸಾಯನಿಕದ ವಾಸನೆಯೂ ಹಗಲಿಡೀ ಜಗಳಾಡುವ ಊರದು. ಅಲ್ಲಿ ಮೀನಿನ ವಾಸನೆ ಮೂರನೆಯದಾಗಿ ಬಂದು ಪಂಚಾಯಿತಿಗೆ ಕೂತರೂ ಕೇಳುವವರಿಲ್ಲ. ಮೇರಿಯ ಮನೆ ಆಲುವದಲ್ಲಿ. ಗಂಡ ಹಡಗಿನಲ್ಲಿ, ಮಗಳು ಮದುವೆಯಾಗಿ ತ್ರಿಶೂರಿನಲ್ಲಿ. ಪ್ರತಿ ಬೆಳಗ್ಗೆ ಬಸ್ಸು ಹಿಡಿದು ಹೋಗಿ, ತಲೆಗೆ ಬಲೆಯ ಟೊಪ್ಪಿ ಹಾಕಿ, ಗೇಟಿನಲ್ಲಿ ನಿಲ್ಲುವುದು. ಮೀನನ್ನು ಬಲೆಗೆ ಹಾಕುವುದು ಬೆಸ್ತರು, ಮೇರಿಯನ್ನು ಬಲೆಗೆ ಹಾಕಿದ್ದು ಕ್ವಾಲಿಟಿ ಕಂಟ್ರೋಲ್.

ಕೆಲಸದ ಬಗ್ಗೆ ಅವಳಿಗೆ ಅಭಿಮಾನವಿತ್ತು, ಇಲ್ಲವೆನ್ನಬಾರದು. ಮೀನು ಕತ್ತರಿಸುವ ಕಡೆಯವರು ಹಿಂದೆ ಗುಂಡಿ ತೋಡಿ ಹೂಳುತ್ತಿದ್ದ ಚರ್ಮ, ಹುರುಪೆಗಳನ್ನು ಇಲ್ಲಿ ತೊಳೆದು, ಹುಳಿನೀರಿನಲ್ಲಿ ನೆನೆಸಿ, ಹದ ಬಿಸಿಯಲ್ಲಿ ಕರಗಿಸಿ, ಸೋಸಿ, ಒಣಗಿಸಿದರೆ ಹಿಟ್ಟಿನಂಥ ಬಿಳಿ ಪುಡಿ. ಮೇರಿಯ ಮೂಗಿಗೂ ಮೀನೆಂದು ಗುರುತು ಸಿಗದ ಪುಡಿ. ಕೊಲಾಜೆನ್ ಅನ್ನುತ್ತಾರೆ. ಚರ್ಮದಿಂದ ಬಂದದ್ದು ಚರ್ಮಕ್ಕೆ ಒಳ್ಳೆಯದು ಎಂಬ ಲೆಕ್ಕ. ಇಲಿಗಳ ಬೆನ್ನಿಗೆ ಗಾಯ ಮಾಡಿ ಇಂಥ ಪುಡಿ ತಿನ್ನಿಸಿದಾಗ ಬೇಗ ಕೂಡಿಕೊಂಡಿತೆಂದು ಬರೆದವರಿದ್ದಾರೆ. ಹಾಸಿಗೆ ಹಿಡಿದವರ ಬೆನ್ನುಹುಣ್ಣಿಗೆ, ಸರಿಯಾದ ಡ್ರೆಸಿಂಗಿನ ಜೊತೆ ಕೊಟ್ಟಾಗ, ಕೆಲವರಿಗೆ ಗುಣ ಕಂಡಿತೆಂದು ಬರೆದವರೂ ಇದ್ದಾರೆ. ಈ 'ಜೊತೆ' ಎಂಬ ಶಬ್ದದ ಮೇಲೆ ಮೇರಿಗೆ ಬಹಳ ಗೌರವ. ಹೊಸಬರಿಗೆ ಕೆಲಸ ತೋರಿಸುವಾಗ ಹೇಳುತ್ತಿದ್ದಳು, "ಈ ಪುಡಿ ಮದುಮಗ ಅಲ್ಲ ಮಾರಾಯ್ರೇ, ದಿಬ್ಬಣದಲ್ಲಿ ಬಂದವ. ಮದುಮಗ ಡಾಕ್ಟ್ರು. ದಿಬ್ಬಣದವನಿಗೆ ಬಾಸಿಂಗ ಕಟ್ಟಿದರೆ ಮದುವೆ ಆಗುದಿಲ್ಲ, ಗಲಾಟೆ ಆಗ್ತದೆ."

ಬಾಸಿಂಗ ಕಟ್ಟಿದವನು ಚಿನ್ಮಯ್. ಬೆಂಗಳೂರಿನ ಬಸವನಗುಡಿಯ ಹುಡುಗ, ಮೂವತ್ತೊಂದು ವಯಸ್ಸು, ಕಾರ್ಖಾನೆಯ ಮಾರಾಟ ವಿಭಾಗಕ್ಕೆ ಮುಖ್ಯಸ್ಥ. ಪುಡಿಗೆ 'ಸಾಗರಕಾಂತಿ' ಎಂದು ಹೆಸರಿಟ್ಟವನು ಅವನೇ. ಕರ್ನಾಟಕದಲ್ಲಿ ಮಾರಲು ಕನ್ನಡದ ಡಬ್ಬಿ ಬೇಕೆಂದಾದಾಗ ನೇರ ಮೇರಿಯ ಮೇಜಿಗೆ ಬಂದ.

"ಆಂಟಿ, ನಂಗೆ ಕನ್ನಡ ಮಾತಾಡಕ್ಕೆ ಬರುತ್ತೆ, ಓದಕ್ಕೂ ಬರುತ್ತೆ. ಬರೆಯಕ್ಕೆ ಕೈ ನಡುಗುತ್ತೆ. ನೀವು ಕನ್ನಡ ಮೀಡಿಯಂ. ಒಂದೇ ಲೈನ್, ಬರೆದುಕೊಡಿ."

ಮೇರಿ ಆ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು, ಬಂಗುಡೆ ಸಾರನ್ನು ಒಲೆಯ ಮೇಲಿಟ್ಟು, ಮೇಜಿಗೆ ಕೂತಳು. ಏಳು ಶಬ್ದಕ್ಕೆ ಮೂರು ಹಾಳೆ ಹರಿದಳು. ಸಿಸ್ಟರ್ ಬೆನೆಡಿಕ್ಟಾ ಮೇಲಿನಿಂದ ನೋಡುತ್ತಿದ್ದಾರೆ ಎಂಬ ಭಯದಲ್ಲಿ ಕೊನೆಗೆ ಬರೆದದ್ದು ಇಷ್ಟು:

ವೈದ್ಯರ ಚಿಕಿತ್ಸೆಯ ಜೊತೆಗೆ ತೆಗೆದುಕೊಂಡರೆ ಗಾಯ ಮಾಯಲು ನೆರವಾಗಬಹುದು.

ಅದರ ಕೆಳಗೆ ಒಂದು ಗೆರೆ ಎಳೆದು, ಸಾರು ಇಳಿಸಿದಳು. ಇಷ್ಟು ಪ್ರಾಮಾಣಿಕವಾದ ವಾಕ್ಯ ಏಲೂರಿನ ಯಾವ ಚಿಮಣಿಯ ಕೆಳಗೂ ಹುಟ್ಟಿರಲಿಕ್ಕಿಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಹಾಲಪ್ಪನವರ ವಿಷಯ ಈಗ ಹೇಳಬೇಕು. ರಾಣೆಬೆನ್ನೂರಿನವರು, ಬ್ಯಾಂಕೊಂದರಲ್ಲಿ ಗುಮಾಸ್ತರು. ಆಲುವದಲ್ಲಿ ಹನ್ನೊಂದು ವರ್ಷ ಮೇರಿಯ ಪಕ್ಕದ ಮನೆ. ಮೇರಿಯ ಅಡುಗೆಮನೆಯಲ್ಲಿ ಮೀನು ಹುರಿಯುವ ವಾಸನೆ ಎದ್ದರೆ ಹಾಲಪ್ಪನವರ ಮನೆಯಲ್ಲಿ ಊದುಬತ್ತಿ ಏಳುತ್ತಿತ್ತು. ಅವರ ಕೊರಳಲ್ಲಿ ಲಿಂಗ, ಇವಳ ಕೊರಳಲ್ಲಿ ಶಿಲುಬೆ, ನಡುವಿನ ಬೇಲಿಯ ಮೇಲೆ ಜೋಳದ ರೊಟ್ಟಿ ಆ ಕಡೆಯಿಂದ, ಕ್ರಿಸ್‌ಮಸ್ಸಿಗೆ ಮೊಟ್ಟೆ ಹಾಕದ ಕೇಕು ಈ ಕಡೆಯಿಂದ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ತಿರುವನಂತಪುರದ ಪಟ್ಟಂ ಶಾಖೆಗೆ ವರ್ಗವಾಯಿತು. ಮಗಳು ಶ್ರೀನಿಧಿ ಅಲ್ಲೇ ಕೆಲಸದಲ್ಲಿದ್ದಾಳೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳಂನಲ್ಲಿ ಉತ್ತರಿಸುತ್ತಾಳೆ, ಕನ್ನಡ ಅಕ್ಷರ ಅವಳಿಗೆ ಬಾರದು. ಹಾಲಪ್ಪನವರಿಗೆ ಸಕ್ಕರೆ ಕಾಯಿಲೆ ಹಳೆಯದು, ಅಂಗಾಲಿಗೆ ಸ್ಪರ್ಶವೇ ಇಲ್ಲ.

ಜೂನಿನಲ್ಲಿ ಅವರು ಫೋನು ಮಾಡಿ, ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲಿ, ಕಾಲಿನ ಕಿರುಬೆರಳು ತೆಗೆದ ವಿಷಯ ಹೇಳಿದರು. ಮೇರಿ ಮರುದಿನ ಬೆಳಗಿನ ರೈಲಿಗೇ ಆಲುವದಲ್ಲಿ ಹತ್ತಿದಳು.

"ಬೂಟಿನ ಮೊಳಿ ಚುಚ್ಚಿತ್ರಿ ಅಕ್ಕಾರ. ನನಗ ಗೊತ್ತs ಆಗ್ಲಿಲ್ಲ. ಸಾಕ್ಸಿಗೆ ರಕ್ತ ಹತ್ತಿದಾಗ ನೋಡೀನಿ," ಎಂದರು ಹಾಲಪ್ಪನವರು, ಕಟ್ಟು ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು.

"ಡಾಕ್ಟ್ರ ಹತ್ರ ಹೋಗ್ಲಿಲ್ವಾ?"

"ಹೋಗಿದ್ದೆ. ದಿನಾ ಬಿಟ್ಟು ದಿನಾ ಡ್ರೆಸಿಂಗಿಗೆ ಬಾ ಅಂದ್ರು. ಕನ್ನಡಿ ಇಟ್ಕೊಂಡು ಅಂಗಾಲು ನೋಡ್ಕೋ ಅಂದ್ರು. ನಮ್ಮನ್ಯಾಗ ಗ್ವಾಡಿ ಕನ್ನಡಿ ಐತಿ, ಅದಕ್ಕ ಕಾಲು ತೋರ್ಸಾಕ ನಾನೇನು ಸರ್ಕಸ್ನ್ಯಾಗ ಅದೀನೇನ್ರಿ? ಹತ್ತು ದಿನ ಹೋದೆ. ಆಮ್ಯಾಲ ತಮ್ಮನ ಮಗಳ ನಿಶ್ಚಿತಾರ್ಥಕ್ಕಂತ ಊರಿಗೆ ಹೋದಾಗ, ಔಷಧಿ ಅಂಗಡ್ಯಾಗ ಇದು ಸಿಕ್ತು. ಒಂದೂವರಿ ತಿಂಗಳು ತಿಂದೆ. ಡ್ರೆಸಿಂಗ್ ಬಿಟ್ಟೆ."

ದಿಂಬಿನ ಪಕ್ಕದಿಂದ ಅವರು ಒಂದು ಡಬ್ಬಿ ತೆಗೆದರು. ಸಾಗರಕಾಂತಿ. ನೀಲಿ ಡಬ್ಬಿಯ ಎದೆಯ ಮೇಲೆ ಹೆಬ್ಬೆರಳ ಗಾತ್ರದ ಹಳದಿ ಅಕ್ಷರಗಳಲ್ಲಿ ಎರಡೇ ಶಬ್ದ:

ಗಾಯ ಮಾಯ

ಕನ್ನಡದ ಡಬ್ಬಿ ತುಂಬುವುದು ಬೇರೆ ಶೆಡ್ಡಿನಲ್ಲಿ, ಮೇರಿ ಅದನ್ನು ಕಂಡದ್ದು ಇದೇ ಮೊದಲು. ಕನ್ನಡಕ ಒರೆಸಿ ನೋಡಿದಳು. ಡಬ್ಬಿ ತಿರುಗಿಸಿ ಮುರುಗಿಸಿ ನೋಡಿದಳು. ಏನಾಗಿದೆಯೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ವಾಕ್ಯ ಮೊದಲು ಡಬ್ಬಿಯ ಅಗಲಕ್ಕೆ ಹಿಡಿಸದೆ ಮೂರು ಸಾಲಾಗಿ ಮುರಿದಿರಬೇಕು. ಮೇಲಿನ ಸಾಲಿನಲ್ಲಿ ವೈದ್ಯರು, ನಡುವೆ 'ಗಾಯ ಮಾಯ', ಕೆಳಗೆ 'ಲು ನೆರವಾಗಬಹುದು'. ಕನ್ನಡ ಬಲ್ಲ ಯಾರೂ ಶಬ್ದವನ್ನು ಆ ಜಾಗದಲ್ಲಿ ಮುರಿಯುವುದಿಲ್ಲ. ಮುರಿದಿದ್ದು ಯಂತ್ರ. ಆಮೇಲೆ ಯಾರೋ ಪುಣ್ಯಾತ್ಮ, ಮೀನು ಹಸನು ಮಾಡಿದ ಹಾಗೆ, ತಲೆ ತೆಗೆದು ಬಾಲ ಕತ್ತರಿಸಿ ನಡುವಿನ ತುಂಡು ಇಟ್ಟುಕೊಂಡಿದ್ದಾನೆ. ಮೀನಿನ ತಲೆ ಬಾಲ ಹುರುಪೆ ಒಂದೂ ಬಿಸಾಡಬಾರದೆಂದು ಕಾರ್ಖಾನೆ ಕಟ್ಟಿದವರು, ಮೇರಿಯ ವಾಕ್ಯದ ತಲೆ ಬಾಲವನ್ನು ಕಸಕ್ಕೆ ಹಾಕಿದ್ದರು.

"ಹಾಲಪ್ಪನವರೇ, ಇದರಲ್ಲಿ ಮೀನು ಉಂಟು ಅಂತ ಗೊತ್ತುಂಟಾ ನಿಮಗೆ?"

"ಆಸ್ಪತ್ರ್ಯಾಗ ಹೇಳಿದ್ರು." ಹಾಲಪ್ಪನವರು ಲಿಂಗವನ್ನೊಮ್ಮೆ ಮುಟ್ಟಿಕೊಂಡರು. "ಸಾಗರ ಅಂದ್ರ ನಮ್ಮ ಶಿವಮೊಗ್ಗದ ಕಡೆ ಸಾಗರ ಐತಲ್ರಿ, ಅಲ್ಲೀ ಗಿಡಮೂಲಿಕಿ ತರ್ಸಿ ನಿಮ್ಮ ಕಂಪನ್ಯಾಗ ಮಾಡಿರಬೇಕು ಅಂದ್ಕೊಂಡಿದ್ದೆ. ಹೋಗ್ಲಿ ಬಿಡ್ರಿ, ಮೀನು ಹೊಟ್ಟ್ಯಾಗ ಹೋತು, ಶಿವ ನೋಡ್ಕೋತಾನ. ಬೆರಳು ಹೋತಲ್ರಿ, ಅದನ್ನ ಯಾರು ನೋಡ್ಕೋತಾರ? ಪಕ್ಕದ್ದೂ ಕಪ್ಪಾಗಾಕ ಹತ್ತಿತ್ತು. ಡ್ರೆಸಿಂಗ್ ತಪ್ಪಿಸಿದ್ರ ಪಾದಾನs ತೆಗೀತೀವಿ ಅಂದಾರ."

"ಬೇರೆ ಏನೂ ಓದ್ಲಿಲ್ವಾ ನೀವು ಡಬ್ಬಿಯಲ್ಲಿ?"

"ಶ್ರೀನಿಧಿ ಓದಿದ್ಲು. ಇಂಗ್ಲೀಷ್ನ್ಯಾಗ ಸಣ್ಣಕ್ಷರದಾಗ ಡಾಕ್ಟರ್ನ ಕೇಳ್ರಿ ಅಂತ ಐತಂತ. ನಾನs ಬೈದೆ ಆಕಿಗೆ. ಕನ್ನಡದಾಗ ಇಷ್ಟು ದೊಡ್ಡಕ್ಷರದಾಗ ಬರದಾರ, ನಿನಗ ಓದಾಕ ಬರಂಗಿಲ್ಲ, ಸುಮ್ನಿರು ಅಂದೆ." ಅವರು ಡಬ್ಬಿಯ ಹಿಂಬದಿಯ ವಿಳಾಸ ತೋರಿಸಿದರು. "ನೋಡ್ರಿ, ಏಲೂರು. ನಮ್ಮಕ್ಕಾರ ಇರೋ ಕಂಪನಿ. ಇವ್ರು ಸುಳ್ಳು ಬರೀತಾರೇನು ಅಂದ್ಕೊಂಡೆ."

ಮೇರಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಪರನಾಡಿನಲ್ಲಿದ್ದು ತನ್ನ ಭಾಷೆಯ ಎರಡಕ್ಷರ ಕಂಡರೆ ನೆಂಟರು ಸಿಕ್ಕಿದಷ್ಟು ಖುಷಿಪಡುವ ಮನುಷ್ಯ. ನೆಂಟರೇ ಕತ್ತರಿ ಹಾಕಿದ್ದರು.

ಮರುದಿನ ಚಿನ್ಮಯ್‌ನ ಮೇಜಿನ ಮೇಲೆ ಡಬ್ಬಿ ಧೊಪ್ಪೆಂದು ಬಿತ್ತು.

"ಆಂಟಿ, ಚಿಲ್. ಡಿಸೈನರ್ ಮಲಯಾಳಿ. ಅವನಿಗೆ ಕನ್ನಡ ಅಂದ್ರೆ ಜಿಲೇಬಿ."

"ಅವನಿಗೆ ಜಿಲೇಬಿ. ನಿಮಗೆ?"

ಚಿನ್ಮಯ್ ಫೋನು ನೋಡಿದ.

"ಅಚ್ಚಿಗೆ ಹೋಗುವ ಮೊದ್ಲು ನೋಡಿ ಸಹಿ ಹಾಕಿದ್ದು ಯಾರು? ಬಸವನಗುಡಿಯಲ್ಲಿ ಓದಿದವರು ಯಾರು ಇದ್ದಾರೆ ಇಲ್ಲಿ, ನೀವಲ್ಲದೆ?"

"ನೋಡ್ದೆ. ಸಕತ್ ಕ್ಯಾಚಿ ಆಗಿತ್ತು, ಬಿಟ್ಟೆ. ಗಾಯ, ಮಾಯ. ಪ್ರಾಸ ಇದೆ ಆಂಟಿ! ನೀವು ಬರೆದಿದ್ದು ಸರ್ಕಾರಿ ಸುತ್ತೋಲೆ ಥರ ಇತ್ತು."

"ಪ್ರಾಸವಾ? ನಿಮ್ಮ ಪ್ರಾಸದಿಂದ ಅಲ್ಲಿ ಒಬ್ಬರಿಗೆ ತ್ರಾಸ. ಬೆರಳು ಕತ್ತರಿಸಿದ್ದಾರೆ, ಗೊತ್ತುಂಟಾ? ನಾನು ಬರೆದದ್ದು 'ಮಾಯಲು'. ಹುಣ್ಣು ಕೂಡಿಕೊಳ್ಳುದಕ್ಕೆ ಮಾಯುದು ಅನ್ನುದು ನಾವು, ಅದಕ್ಕೆ ದಿನ ಬೇಕು, ಮದ್ದು ಬೇಕು. ನೀವು ಮಾಡಿದ್ದು 'ಮಾಯ'. ಅದು ಮಂತ್ರವಾದಿ ಟೊಪ್ಪಿಯೊಳಗೆ ಮೊಲ ಹಾಕಿ ಮಾಡುದು."

"ಸಾರಿ ಆಂಟಿ, ರಿಯಲಿ. ಮುಂದಿನ ಪ್ರಿಂಟಲ್ಲಿ ಸರಿ ಮಾಡೋಣ. ಈ ಸ್ಟಾಕ್ ಒಂದು ಹೋಗಿಬಿಡ್ಲಿ. ನಲವತ್ತು ಸಾವಿರ ಡಬ್ಬಿ ಇದೆ."

"ಎಲ್ಲಿಗೆ ಹೋಗ್ಲಿ?"

"ಕರ್ನಾಟಕಕ್ಕೆ."

"ಒಳ್ಳೆ ಮೀನ ಮೇಷ ನಿಮ್ಮದು! ಮೀನ ನಿಮ್ಮದು, ಮೇಷ ನಾವು. ಕನ್ನಡ ಓದಿದವರನ್ನೆಲ್ಲ ಕುರಿ ಮಾಡ್ಲಿಕ್ಕೆ ನನ್ನ ಕೈಯಿಂದ ಬರೆಸಿದ್ರಾ?"

ಆಗ ಚಿನ್ಮಯ್‌ನ ಮುಖದ ಚರ್ಮ ಸ್ವಲ್ಪ ಬಿಗಿಯಿತು. ಧ್ವನಿ ಮಾತ್ರ ಮೆತ್ತಗಾಯಿತು. "ಮೇರಿ ಮೇಡಂ, ಕನ್ನಡ ನೀವು ಬರೆದುಕೊಟ್ಟಿದ್ದು ಅನ್ನೋ ಮೇಲ್ ನನ್ನ ಹತ್ರ ಇದೆ. ವಿಷಯ ಹೊರಗೆ ಹೋದ್ರೆ ಮೊದಲು ಬರೋದು ನಿಮ್ಮ ಹೆಸರೇ. ಯೋಚನೆ ಮಾಡಿ."

'ಆಂಟಿ' ಹೋಗಿ 'ಮೇಡಂ' ಬಂದಾಗಲೇ ಮೇರಿಯ ಮೂಗು ಚುರುಕಾಯಿತು. ಹೆಸರೇನೋ ಚಿನ್ಮಯ್, ಒಳಗಿರುವುದೆಲ್ಲ ಮೃಣ್ಮಯ. ಅವಳು ಯೋಚನೆ ಮಾಡಿದ್ದು ನಿಜ. ಆಲುವದ ಬಸ್ಸಿನಲ್ಲಿ ಕೂತು, ಕಿಟಕಿಯ ಹೊರಗೆ ನೋಡುತ್ತ, ಕೆಲಸದ ಬಗ್ಗೆ, ನಿವೃತ್ತಿಗೆ ಉಳಿದ ನಾಲ್ಕು ವರ್ಷದ ಬಗ್ಗೆ. ಆದರೆ ಮನಸ್ಸು ಮತ್ತೆ ಮತ್ತೆ ಆ ಒಂದು 'ಲು'ಗೇ ಬಂದು ನಿಲ್ಲುತ್ತಿತ್ತು. ಮಾಯಲು ಎಂಬುದರಿಂದ 'ಲು' ತೆಗೆದರು, ಮಾಯ ಉಳಿಯಿತು. ಕಾಲಿನಿಂದ 'ಲು' ತೆಗೆದರೆ ಉಳಿಯುವುದೇನು? 'ಕಾ'. ಕಾಪಾಡು ಎಂದು ದೇವರನ್ನು ಕೂಗುವ ಶಬ್ದ. ರಾಣೆಬೆನ್ನೂರಿನಲ್ಲಿ, ಗದಗದಲ್ಲಿ, ಕುಂದಾಪುರದಲ್ಲಿ ಇನ್ನೆಷ್ಟು ಜನ ಆ ಡಬ್ಬಿ ಹಿಡಿದು ಡ್ರೆಸಿಂಗ್ ಬಿಟ್ಟಿದ್ದಾರೋ, ಎಷ್ಟು ಕಾಲು 'ಕಾ' ಆಗಲಿದೆಯೋ. ಬಸ್ಸಿನಿಂದ ಇಳಿದವಳೇ ನಿಲ್ದಾಣದ ಪಕ್ಕದ ಅಂಗಡಿಗೆ ಹೋಗಿ, ಹಿಡಿಯಿರುವ ಒಂದು ದುಂಡು ಕನ್ನಡಿ ಕೊಂಡಳು. ಹಾಲಪ್ಪನವರಿಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದ ಹಿರಿಯರು ಅಂಗಾಲಿನ ಬಗ್ಗೆ ಏನೂ ಹೇಳಿರಲಿಲ್ಲ.

ಎರಡು ದಿನ ರಜೆ ಹಾಕಿ ಮತ್ತೆ ತಿರುವನಂತಪುರಕ್ಕೆ ಹೋದಳು. ಆಹಾರ ಪದಾರ್ಥಗಳ ದೂರು ಕೇಳುವ ಕಚೇರಿ ಹಾಲಪ್ಪನವರ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಅವರನ್ನೂ ಊರುಗೋಲಿನ ಸಮೇತ ಕೂರಿಸಿಕೊಂಡು ಹೋದಳು. ಅಲ್ಲಿದ್ದ ಅಧಿಕಾರಿ ಕೃಪಾ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಮಾತು ಮಲಯಾಳಂನಲ್ಲೇ ನಡೆಯಿತು.

"ಚೇಚಿ, ಇದರಲ್ಲಿ ಏನು ಬರೆದಿದೆ?" ಎಂದು ಕೃಪಾ ಡಬ್ಬಿಯನ್ನು ಹಿಂದೆ ಮುಂದೆ ಮಾಡಿದರು.

ಮೇರಿ ಓದಿ ಹೇಳಿದಳು.

"ಮಾಯ ಅಂದರೆ ನಮ್ಮಲ್ಲೂ ಅದೇ ಅಲ್ಲವೇ? ಮಾಯುಗ ಅಂದರೆ ಅಳಿಸಿಹೋಗುವುದು. ಸ್ವಲ್ಪ ಉತ್ಪ್ರೇಕ್ಷೆ ಇದೆ, ನಿಜ. ನೋಟಿಸು ಕಳಿಸಬಹುದು, ಅವರು ಉತ್ತರ ಕೊಡಲಿ." ಕೃಪಾ ಹಾಲಪ್ಪನವರ ಕಡೆ ನೋಡಿದರು. "ಅಂಕಲ್‌ಗೆ ಗಾಯ ಆದದ್ದು ಈ ಪುಡಿಯಿಂದ ಅಲ್ಲವಲ್ಲ?"

ಮೇರಿ ಕನ್ನಡಿ ಹೊರಗೆ ತೆಗೆದಳು. "ಹಾಲಪ್ಪನವರೇ, ಕಾಲು ಎತ್ತಿ."

ಹಾಲಪ್ಪನವರು ಬೆಚ್ಚಿದರು. "ಏನ್ರಿ ಅಕ್ಕಾರ? ಕಚೇರ್ಯಾಗ, ಸಾಹೇಬ್ರ ಮುಂದ, ಅಂಗಾಲು ತೋರ್ಸೋದಾ? ಮರ್ಯಾದಿ ಅಲ್ರಿ ಅದು. ನಮ್ಮ ಕಡೆ ಮಂದಿ ಹೊಡೀತಾರ."

"ಮರ್ಯಾದೆ ಬಿಟ್ಟವರು ಏಲೂರಿನಲ್ಲಿ ಕೂತಿದ್ದಾರೆ. ನೀವು ಎತ್ತಿ ಮಾರಾಯ್ರೇ."

ಅವರು ಕಣ್ಣು ಮುಚ್ಚಿ, "ಶಿವಾ" ಎಂದು, ಕಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟರು. ಮೇರಿ ಕಟ್ಟು ಬಿಚ್ಚಲಿಲ್ಲ, ಬೆರಳುಗಳು ಹೊರಗೇ ಇದ್ದವು. ಕೃಪಾ ಕುರ್ಚಿಯಿಂದ ಏಳದೆಯೇ ಕಾಣುವ ಹಾಗೆ ಕನ್ನಡಿಯನ್ನು ಅಡಿಗೆ ಹಿಡಿದು, ಓರೆ ಮಾಡಿದಳು.

"ಎಣಿಸಿ ಮೇಡಂ."

ಕೃಪಾ ಎಣಿಸಿದರು. "ನಾಲ್ಕು."

"ಗಾಯ ಮಾಯ ಆಗಲಿಲ್ಲ. ಮಾಯ ಆದದ್ದು ಅದು. ಗಾಯ ಮಾಡಿದ್ದು ಮೊಳೆ, ನಾನು ಇಲ್ಲವೆನ್ನುವುದಿಲ್ಲ. ಡ್ರೆಸಿಂಗ್ ಬಿಡಿಸಿದ್ದು ಈ ಎರಡು ಶಬ್ದ. ಇನ್ನು ನಲವತ್ತು ಸಾವಿರ ಡಬ್ಬಿ ಲಾರಿ ಹತ್ತಲಿಕ್ಕೆ ನಿಂತಿದೆ. ಉತ್ತರ ಬರುವವರೆಗೆ ಎಷ್ಟು ಬೆರಳು ಎಣಿಸುತ್ತೀರಿ?"

ಕೃಪಾ ಹೊಸ ಹಾಳೆ ಎಳೆದುಕೊಂಡರು. "ಮಾರಾಟ ನಿಲ್ಲಿಸಬೇಕಾದರೆ, ಮೂಲದಲ್ಲಿ ಏನಿತ್ತು, ಯಾರು ಕತ್ತರಿಸಿದರು ಎಂಬುದು ಬೇಕು. ಈ ಕನ್ನಡ ಬರೆದವರು ಯಾರು ಗೊತ್ತೇ? ಅವರು ಸಹಿ ಹಾಕಿ ಹೇಳಿಕೆ ಕೊಡುತ್ತಾರೆಯೇ?"

ಹಾಲಪ್ಪನವರಿಗೆ ಮೇರಿ ಇದೊಂದನ್ನು ಹೇಳಿರಲಿಲ್ಲ. ಅವರಿಗೆ ಕೇಳಲಿ ಎಂದು ಕನ್ನಡದಲ್ಲೇ ಹೇಳಿದಳು.

"ನಾನೇ ಬರೆದದ್ದು."

ಹಾಲಪ್ಪನವರು ಕಣ್ಣು ತೆರೆದರು. ಕಾಲು ಇನ್ನೂ ಸ್ಟೂಲಿನ ಮೇಲೇ ಇತ್ತು. ಅವಳ ಕಡೆ ತಿರುಗಿ ಕೇಳಿದರು, "ಪೂರಾ ಏನ್ ಬರ್ದಿದ್ರಿ ಅಕ್ಕಾರ?"

ಮೇರಿ ಏಳು ಶಬ್ದವನ್ನೂ ಹೇಳಿದಳು. ಸಿಸ್ಟರ್ ಬೆನೆಡಿಕ್ಟಾ ಎದುರು ನಿಂತು ಒಪ್ಪಿಸಿದ ಹಾಗೆ.

"ಇಷ್ಟs ಹಾಕಿದ್ರ ನಾ ಡ್ರೆಸಿಂಗ್ ಬಿಡ್ತಿದ್ದಿಲ್ಲ," ಎಂದರು ಹಾಲಪ್ಪನವರು. ಬೈದದ್ದಲ್ಲ, ಸಮಾಧಾನ ಮಾಡಿದ್ದೂ ಅಲ್ಲ. ಲೆಡ್ಜರು ಓದಿದ ಹಾಗೆ ಹೇಳಿದರು. "ಸಹಿ ಹಾಕ್ರಿ."

ಮೇರಿ ಬರೆದಳು. ಮೂರು ಸಾಲು ಎಲ್ಲಿ ಮುರಿಯಿತೆಂದು ಬರೆದಳು, ಮುರಿದದ್ದನ್ನು ಓದಿ ಒಪ್ಪಿದವನ ಹೆಸರು ಬರೆದಳು. 'ಲು'ವಿನ ಕೆಳಗೆ ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಳು. ಕೃಪಾ ಅನುವಾದ ಕೇಳಿಸಿಕೊಂಡು, ತಲೆ ಎತ್ತದೆಯೇ ಹೇಳಿದರು, "ಚೇಚಿ, ತಿನ್ನುವ ಪುಡಿಯ ಡಬ್ಬಿಯ ಮೇಲೆ ಗಾಯ ವಾಸಿಯಾಗುವ ಮಾತೆತ್ತುವುದೇ ಕಾನೂನಿನಲ್ಲಿ ಕಷ್ಟ. ನಿಮ್ಮ ಪೂರ್ತಿ ವಾಕ್ಯವನ್ನೂ ನಾವು ಪ್ರಶ್ನೆ ಮಾಡುತ್ತೇವೆ."

ಮೇರಿಗೆ ತನ್ನ ಹೆಮ್ಮೆಯ ಭಾನುವಾರ ನೆನಪಾಯಿತು. ಸಿಟ್ಟು ಒಮ್ಮೆ ತನ್ನ ಕಡೆಗೂ ತಿರುಗಿ ಕೋಡು ಹಾಯಿಸಿತು. "ಮಾಡಿ. ಪ್ರಶ್ನೆ ಮಾಡಲಿಕ್ಕೆ ಈಗ ಪೂರ್ತಿ ವಾಕ್ಯವಾದರೂ ಉಂಟಲ್ಲ."

ಒಂಬತ್ತನೆಯ ದಿನ ಮಾರಾಟ ನಿಲ್ಲಿಸುವ ಆದೇಶ ಬಂತು. ಹತ್ತನೆಯ ದಿನ ಮೇರಿಗೆ ಮನೆಗೆ ಹೋಗುವ ಆದೇಶ ಬಂತು. ಇಂಗ್ಲಿಷಿನಲ್ಲಿ, ಒಂದು ಅಕ್ಷರವೂ ಕತ್ತರಿಸದೆ, ತಲೆ ಬಾಲ ಸಮೇತ. ಚಿನ್ಮಯ್ ಕೂದಲು ಬೆಳೆಸುವ ಎಣ್ಣೆಯ ಕಂಪನಿಗೆ ಹೋದನಂತೆ. ಬೋಳುತಲೆಯವರು ಜಾಗ್ರತೆಯಾಗಿರಬೇಕು. ಲಾರಿಗೆ ಹತ್ತಬೇಕಿದ್ದ ಡಬ್ಬಿಗಳು ಹತ್ತಲಿಲ್ಲ. ಮೊದಲೇ ಹೋದವು ಇನ್ನೂ ಪೂರ್ತಿ ವಾಪಸು ಬಂದಿಲ್ಲ. ಆ ಸಿಟ್ಟು ಮೇರಿಗೆ ಮಾಯ್ದಿಲ್ಲ, ಮಾಯಬೇಕೆಂಬ ಆಸೆಯೂ ಇಲ್ಲ. ಊರಿನ ಕಡೆಯ ಗುರುತಿನವರಿಗೆಲ್ಲ ಡಬ್ಬಿಯ ಫೋಟೊ ಕಳಿಸಿ, ಎಲ್ಲಿ ಕಂಡರೂ ತಿಳಿಸಿ ಎಂದು ಬೆನ್ನು ಹತ್ತಿದ್ದಾಳೆ. ಮೊನ್ನೆ ಹಾವೇರಿಯಲ್ಲಿ ಆರು ಸಿಕ್ಕವು. ಫೋನಿನಲ್ಲೇ ಅಂಗಡಿಯವನ ಗ್ರಹಚಾರ ಬಿಡಿಸಿದಳು.

ದಿನಾ ಬೆಳಗ್ಗೆ ಎಂಟೂವರೆಗೆ ಪಟ್ಟಂನಿಂದ ವಿಡಿಯೊ ಕರೆ ಬರುತ್ತದೆ. ಶ್ರೀನಿಧಿ ಫೋನು ಹಿಡಿಯುತ್ತಾಳೆ, ಹಾಲಪ್ಪನವರು ದುಂಡು ಕನ್ನಡಿ ಹಿಡಿಯುತ್ತಾರೆ, ಆಲುವದಲ್ಲಿ ಮೇರಿ ಕನ್ನಡಕ ಏರಿಸಿ ಒಬ್ಬ ಲಿಂಗವಂತರ ಅಂಗಾಲನ್ನು ಪ್ರಾರ್ಥನಾ ಪುಸ್ತಕದಷ್ಟೇ ಭಕ್ತಿಯಿಂದ ಓದುತ್ತಾಳೆ.

"ಮಾಯ್ತೇನ್ರಿ ಅಕ್ಕಾರ?"

"ಮಾಯ್ತಾ ಉಂಟು. ಅಂಚಿನಲ್ಲಿ ಹೊಸ ಚರ್ಮ ಬರ್ತಾ ಉಂಟು, ಒಳ್ಳೆದೇ. ಹೋಯ್, ಫೋನ್ ಇಡ್ಬೇಡಿ, ವಾಕ್ಯ ಮುಗೀಲಿಲ್ಲ. ಇವತ್ತು ಡ್ರೆಸಿಂಗ್ ಉಂಟಲ್ಲ?"

"ನಾಳಿಗೆ ಹೋದ್ರಾತು ಅಂತ..."

"ಹಾಲಪ್ಪನವರೇ!"

ಕನ್ನಡಿ ಅಲ್ಲಾಡಿತು. ನಾಲ್ಕು ಬೆರಳು ಕಾಣೆಯಾಗಿ, ಬ್ಯಾಂಕಿನ ಗುಮಾಸ್ತರೊಬ್ಬರ ಹೆದರಿದ ಮುಖ ಬಂತು.

"ಆಟೋ ಕರೀತೀನ್ರಿ, ಈಗs ಕರೀತೀನಿ. ಬೈಬ್ಯಾಡ್ರಿ."